ಎರಡು ಅಳುಗಳ ನಡುವೆ

ಅವಳಿ ಮಕ್ಕಳೆಂದರೆ ನೋಡುವವರಿಗೆ ಸಂಭ್ರಮ. ಒಂದೇ ಬಗೆಯ ಅಂಗಿ, ಒಂದೇ ಬಗೆಯ ಕುಲಾವಿ, ಒಂದೇ ತೊಟ್ಟಿಲಲ್ಲಿ ಎರಡು ಮುಖ! ಕಂಡವರೆಲ್ಲ ಲವಕುಶರನ್ನೋ ನಕುಲ ಸಹದೇವರನ್ನೋ ನೆನೆದು ಹರಸುತ್ತಾರೆ. ಜೋಡಿ ಬಾಳೆಹಣ್ಣು ತಿಂದರೆ ಅವಳಿಯಾದೀತೆಂದು ಹೆಣ್ಣುಮಕ್ಕಳ ಕೈಯಿಂದ ಅದನ್ನು ಕಸಿದುಕೊಳ್ಳುತ್ತಿದ್ದ ಅಜ್ಜಿಯರೂ ಮೊಮ್ಮಕ್ಕಳು ಜೋಡಿಯಾಗಿಯೇ ಬಂದಾಗ ಹಿಗ್ಗದೆ ಇರಲಿಲ್ಲ. ಹರಸಿದವರು ಮರೆಯದೆ ಕೇಳುವ ಪ್ರಶ್ನೆಯೊಂದುಂಟು: “ಇವರಲ್ಲಿ ದೊಡ್ಡವರು ಯಾರು?” ತಾಯಿ ಒಂದು ಮಗುವಿನತ್ತ ಬೆರಳು ತೋರಿಸಿ, “ಇವನೇ, ಹದಿನೈದು ನಿಮಿಷಕ್ಕೆ ದೊಡ್ಡವನು” ಎನ್ನುತ್ತಾಳೆ. ಕೇಳಿದವರು ನಕ್ಕು ಮುಂದೆ ಹೋಗುತ್ತಾರೆ. ಆ ಹದಿನೈದು ನಿಮಿಷಗಳಲ್ಲಿ ಏನೇನು ನಡೆಯಿತೆಂದು ವಿಚಾರಿಸುವವರು ವಿರಳ.

ಒಂದೇ ಮಗುವನ್ನು ಹೆರುವವಳಿಗೆ ಅಳು ಕೇಳಿದೊಡನೆ ಬೇನೆಯ ಬಹುಪಾಲು ಮುಗಿದಂತೆ. ಸಹಜ ಪ್ರಸವದಲ್ಲಿ ಅವಳಿಗಳನ್ನು ಹೆರುವವಳಿಗೆ ಆ ಬಿಡುಗಡೆಯಿಲ್ಲ. ಒಂದು ಕೂಸು ಹೊರಗೆ ಅಳುತ್ತಿದೆ. ಇನ್ನೊಂದು ಒಳಗೆ ಮಿಡುಕುತ್ತಿದೆ. ಹುಟ್ಟಿದ ಕೂಸಿನ ಮುಖ ನೋಡಬೇಕೆಂಬ ಆಸೆ ಒಂದು ಕಡೆ, ಹುಟ್ಟಬೇಕಾದ ಕೂಸಿನ ಚಿಂತೆ ಇನ್ನೊಂದು ಕಡೆ. ಏಕಕಾಲಕ್ಕೆ ಬಾಣಂತಿಯೂ ಬಸುರಿಯೂ ಆಗಿರುವ ಈ ಸ್ಥಿತಿ ಬೇರೆ ಯಾವ ತಾಯಿಗೂ ಇಲ್ಲ.

ಅವಳಿಗಳು ಅತ್ಯಧಿಕವಾಗಿ ಹುಟ್ಟುವ ಜನಾಂಗಗಳಲ್ಲಿ ಒಂದಾದ ನೈಜೀರಿಯದ ಯೊರೂಬ ಜನರು ಈ ನಡುಗಾಲವನ್ನು ಕುರಿತು ಸೊಗಸಾದ ಕಲ್ಪನೆಯೊಂದನ್ನು ಕಟ್ಟಿದ್ದಾರೆ. ಅವರಲ್ಲಿ ಮೊದಲು ಹುಟ್ಟಿದ ಕೂಸಿಗೆ ತೈವೊ ಎಂದೂ ಆಮೇಲೆ ಬಂದುದಕ್ಕೆ ಕೆಹಿಂಡೆ ಎಂದೂ ಹೆಸರು. ಆದರೆ ಹಿರಿತನ ಸಲ್ಲುವುದು ಕೆಹಿಂಡೆಗೆ. ಲೋಕ ಹೇಗಿದೆಯೆಂದು ನೋಡಿ ಬರಲು ತೈವೊವನ್ನು ಮುಂದೆ ಕಳುಹಿಸಿ, ಅದರ ಅಳುವಿನಿಂದ ಸುದ್ದಿ ತಿಳಿದು, ಹಿರಿಯರಂತೆ ಸಾವಧಾನವಾಗಿ ಹಿಂದೆ ಬರುವುದು ಕೆಹಿಂಡೆಯಂತೆ!

ಪ್ರಸೂತಿಶಾಸ್ತ್ರಕ್ಕೂ ಈ ಎರಡನೆಯ ಅತಿಥಿಯ ಮೇಲೆಯೇ ಹೆಚ್ಚಿನ ಗಮನ. ಮೊದಲನೆಯದು ದಾರಿಯನ್ನು ತೆರೆದುಕೊಟ್ಟಿರುತ್ತದೆ, ನಿಜ. ಆದರೆ ಇಷ್ಟು ಕಾಲ ಒತ್ತಿಕೊಂಡಿದ್ದ ಒಡಹುಟ್ಟು ಹೊರಬಿದ್ದೊಡನೆ ಒಳಗಿನದಕ್ಕೆ ಹೊರಳಾಡಲು ಇಂಬು ದೊರೆಯುತ್ತದೆ. ತಲೆ ಕೆಳಗಾಗಿದ್ದುದು ಅಡ್ಡ ಮಲಗಬಹುದು, ಕಾಲು ಮುಂದಾಗಬಹುದು. ಹೊಕ್ಕುಳಬಳ್ಳಿ ಜಾರಬಹುದು, ಮಾಸು ಮುಂಚಿತವಾಗಿ ಬಿಡಿಸಿಕೊಳ್ಳಬಹುದು. ಆದುದರಿಂದಲೇ ಅವಳಿ ಎಂದೊಡನೆ ಶಸ್ತ್ರಚಿಕಿತ್ಸೆಯೇ ಕ್ಷೇಮವೆಂಬ ಭಾವನೆ ಎಷ್ಟೋ ಕಡೆ ಬೇರೂರಿತು.

ಈ ಭಾವನೆಯನ್ನು ಒರೆಗೆ ಹಚ್ಚಿದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೆನಡದ ವೈದ್ಯರ ಮುಂದಾಳುತನದಲ್ಲಿ 25 ದೇಶಗಳ ಸುಮಾರು 2,800 ಗರ್ಭಿಣಿಯರು ಅದರಲ್ಲಿ ಸೇರಿದ್ದರು. ಎಲ್ಲರಲ್ಲಿಯೂ ಮೊದಲ ಕೂಸು ತಲೆ ಕೆಳಗಾಗಿಯೇ ಇತ್ತು. ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯನ್ನೂ ಉಳಿದವರಿಗೆ ಸಹಜ ಪ್ರಸವವನ್ನೂ ಮೊದಲೇ ನಿಗದಿಮಾಡಲಾಯಿತು. ಶಿಶುಮರಣ ಅಥವಾ ಶಿಶುವಿಗೆ ಗಂಭೀರ ಅಪಾಯ ಒದಗಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 2.2, ಎರಡನೆಯ ಗುಂಪಿನಲ್ಲಿ 1.9. ಅಂದರೆ ಶಸ್ತ್ರಚಿಕಿತ್ಸೆಯನ್ನು ಮೊದಲೇ ನಿಗದಿಮಾಡಿದುದರಿಂದ ಕೂಸುಗಳಿಗೆ ಹೆಚ್ಚಿನ ರಕ್ಷಣೆಯೇನೂ ದೊರೆಯಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಲೆಕ್ಕವನ್ನೂ ಮುಚ್ಚಿಡಲಾಗದು. ಸಹಜ ಪ್ರಸವಕ್ಕೆಂದು ಹೊರಟ ನೂರು ಮಂದಿಯಲ್ಲಿ ಎರಡು ಕೂಸುಗಳನ್ನೂ ಹಾಗೆಯೇ ಹೆತ್ತವರು 56 ಮಂದಿ. ಸುಮಾರು 40 ಮಂದಿಗೆ ಎರಡಕ್ಕೂ ಶಸ್ತ್ರಚಿಕಿತ್ಸೆಯೇ ಆಯಿತು. ಉಳಿದ ನಾಲ್ವರ ಪಾಲಿಗೆ ಬಂದುದು ಎರಡು ಬಗೆಯ ಹೆರಿಗೆ: ಮೊದಲನೆಯದು ಸಹಜವಾಗಿ, ಎರಡನೆಯದು ಹೊಟ್ಟೆ ಕೊಯ್ದು. 2017ರಲ್ಲಿ ಫ್ರಾನ್ಸಿನಿಂದ ಬಂದ ವರದಿಯಲ್ಲಿ ಎರಡನ್ನೂ ಸಹಜವಾಗಿ ಹೆತ್ತವರು ನೂರಕ್ಕೆ 80. ಎರಡನೆಯ ಕೂಸನ್ನು ಹೆಚ್ಚು ತಡಮಾಡದೆ ಕೈಚಳಕದಿಂದ ಹೊರತರುವ ಅಭ್ಯಾಸ ಆ ದೇಶದ ಪ್ರಸೂತಿಗೃಹಗಳಲ್ಲಿ ಉಳಿದುಬಂದಿದೆ. ತಾಯಿಯ ಧೈರ್ಯದಷ್ಟೇ ಅವಳ ಬಳಿ ನಿಂತವರ ಕೈಯೂ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಸಹಜ ಪ್ರಸವದ ಮಾರ್ಗ ಎಲ್ಲರಿಗೂ ತೆರೆದಿರುವುದಿಲ್ಲ. ಮೊದಲ ಕೂಸಿನ ತಲೆ ಕೆಳಗಿಲ್ಲದಿದ್ದರೆ ಸಾಮಾನ್ಯವಾಗಿ ವೈದ್ಯರು ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಎರಡೂ ಒಂದೇ ನೀರುಚೀಲದಲ್ಲಿದ್ದರೆ ಹೊಕ್ಕುಳಬಳ್ಳಿಗಳು ಹೆಣೆದುಕೊಳ್ಳುವ ಭಯವಿರುವುದರಿಂದ ಅಲ್ಲಿಯೂ ಅದೇ ದಾರಿ. ಚೀಲಗಳು ಬೇರೆಯಾಗಿದ್ದು, ಮೊದಲನೆಯದು ತಲೆ ತಗ್ಗಿಸಿ, ತಾಯಿ ಆರೋಗ್ಯವಾಗಿದ್ದರೆ ಸಹಜ ಪ್ರಸವದ ವಿಚಾರವನ್ನು ಎತ್ತಲು ಅವಳು ಅಂಜಬೇಕಾದುದಿಲ್ಲ.

ಹೀಗೆ ಹೆತ್ತ ತಾಯಂದಿರ ಮಾತಿನಲ್ಲಿ ಮೊದಲು ಬರುವುದು ಕೊಠಡಿಯ ಜನಸಂದಣಿ. ಪ್ರಸೂತಿ ವೈದ್ಯರು, ದಾದಿಯರು, ಅರಿವಳಿಕೆ ಕೊಡುವವರು, ಮಕ್ಕಳ ವೈದ್ಯರು, ಎರಡು ಶಿಶುಗಳಿಗೆ ಎರಡು ಬೆಚ್ಚನೆಯ ಮೇಜು. ಅಪರಿಚಿತ ಮುಖಗಳ ನಡುವೆ ತಾನು ಜಾತ್ರೆಯಲ್ಲಿ ಮಲಗಿದಂತಾಯಿತೆಂಬ ಸಂಕೋಚ. ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಎಪಿಡ್ಯೂರಲ್ ಅರಿವಳಿಕೆಯನ್ನು ಮೊದಲೇ ಸೂಚಿಸಿದರೆ ಎಷ್ಟೋ ಮಂದಿ ಗಾಬರಿಪಡುತ್ತಾರೆ. ಎರಡನೆಯ ಕೂಸಿನ ಕಾಲು ಹಿಡಿದು ತರಲು ವೈದ್ಯರ ಕೈ ಗರ್ಭದೊಳಗೆ ಹೋಗಬೇಕಾದೀತು ಎಂಬುದೇ ಅದರ ಕಾರಣವೆಂದು ತಿಳಿದರೆ ಗಾಬರಿ ಕಡಿಮೆಯಾಗುತ್ತದೆ.

ಮೊದಲ ಅಳು ಕೇಳಿಸಿದ ಮೇಲೆ ಬೇನೆ ಒಮ್ಮೆಗೆ ತಣ್ಣಗಾಗುವುದುಂಟು. ಎಲ್ಲ ಮುಗಿಯಿತೇನೋ ಎನಿಸುವ ಆ ನಿಶ್ಶಬ್ದದಲ್ಲಿ ಒಬ್ಬರ ಅಂಗೈ ಹೊಟ್ಟೆಯ ಮೇಲೆ ಅದುಮಿ ಒಳಗಿನ ಕೂಸನ್ನು ನೆಟ್ಟಗೆ ಹಿಡಿದಿರುತ್ತದೆ. ಸ್ಕ್ಯಾನ್ ಯಂತ್ರ ಅದರ ಇರವನ್ನು ತೋರಿಸುತ್ತಿರುತ್ತದೆ. ಎದೆಬಡಿತದ ಸದ್ದಿಗೆ ಎಲ್ಲರೂ ಕಿವಿಗೊಟ್ಟಿರುತ್ತಾರೆ. ಬೇನೆ ಮರಳದಿದ್ದರೆ ಆಕ್ಸಿಟೋಸಿನ್ ಔಷಧಿಯನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಎರಡನೆಯದು ಬರುತ್ತದೆ. ನಾಲ್ಕಾರು ಬಾರಿ ಮುಕ್ಕಿದೊಡನೆ ಬಂದಿತೆನ್ನುವ ತಾಯಂದಿರಿದ್ದಾರೆ. ಮೊದಲಿನ ಹತ್ತು ಗಂಟೆಯ ಬೇನೆಯನ್ನು ಮರೆತರೂ ಒಳಹೊಕ್ಕ ಆ ಕೈಯನ್ನು ಮರೆಯಲಾರೆನೆನ್ನುವವರೂ ಇದ್ದಾರೆ. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಡುವುದು ನ್ಯಾಯವಲ್ಲ.

ಸ್ಕ್ಯಾನ್ ಇಲ್ಲದ ಕಾಲದಲ್ಲಿ ಈ ಎಲ್ಲವನ್ನೂ ತಿಳಿಯಬೇಕಾದುದು ಅಂಗೈಯಿಂದಲೇ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಶಬ್ದತರಂಗಗಳಿಂದ ಹೊಟ್ಟೆಯೊಳಗನ್ನು ಕಾಣುವ ವಿಧಾನವನ್ನು ಪ್ರಕಟಿಸಿದುದು 1958ರಲ್ಲಿ. ಅದು ನಮ್ಮ ಹಳ್ಳಿಗಳ ಬಳಿಗೆ ಬರಲು ದಶಕಗಳೇ ಹಿಡಿದವು. ಮೊದಲ ಕೂಸು ಹುಟ್ಟಿದ ಮೇಲೂ ಹೊಟ್ಟೆ ಇಳಿಯದಿದ್ದಾಗಲೇ “ಇನ್ನೊಂದಿದೆ” ಎಂದು ಗೊತ್ತಾಗುತ್ತಿದ್ದ ಮನೆಗಳು ಎಷ್ಟೋ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹೊಟ್ಟೆ ಮುಟ್ಟಿಯೇ ಕೂಸಿನ ಇರವನ್ನು ಅರಿಯಬಲ್ಲವರೆಂದು ಹೆಸರಾಗಿದ್ದರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ಆ ಕೈಗಳ ಜ್ಞಾನ ಗೌರವಾರ್ಹ. ಆದರೆ ಅವಳಿಗಳನ್ನು ಇಂದು ಮನೆಯಲ್ಲಿ ಹೆರುವುದು ಉಚಿತವಲ್ಲ. ಒಳ್ಳೆಯ ಕೈಯ ಹಿಂದೆ ರಕ್ತವೂ ಶಸ್ತ್ರಚಿಕಿತ್ಸಾ ಕೊಠಡಿಯೂ ಸಿದ್ಧವಾಗಿರಬೇಕು.

ಎರಡನೆಯ ಅಳು ಕೇಳಿಸಿದರೂ ಅಪಾಯ ಪೂರ್ತಿ ಕಳೆದಂತಲ್ಲ. ಇಬ್ಬರಿಗಾಗಿ ಹಿಗ್ಗಿದ ಗರ್ಭಕೋಶ ಬೇಗ ಕುಗ್ಗಲಾರದೆ ರಕ್ತಸ್ರಾವ ಮಿತಿಮೀರಬಹುದು. ಮನೆಯವರೆಲ್ಲ ತೊಟ್ಟಿಲುಗಳ ಸುತ್ತ ನೆರೆಯುವ ಆ ಹೊತ್ತಿನಲ್ಲಿಯೇ ಬಾಣಂತಿಯ ಮೇಲೆ ಕಣ್ಣಿಡಬೇಕು.

ಆದುದರಿಂದ ದಿನ ತುಂಬುವ ಮುನ್ನವೇ ತಾಯಿಯೂ ಪತಿಯೂ ವೈದ್ಯರಲ್ಲಿ ಕೇಳಬೇಕಾದ ಮಾತುಗಳಿವೆ. ಕಾಲು ಮುಂದಾಗಿ ಬರುವ ಎರಡನೆಯ ಕೂಸನ್ನು ಹೊರತರುವ ಅಭ್ಯಾಸವುಳ್ಳವರು ಆ ದಿನ ಇರುವರೇ? ರಾತ್ರಿಯಾದರೂ ರಕ್ತವೂ ಶಸ್ತ್ರಚಿಕಿತ್ಸೆಯೂ ಒದಗುವವೇ? ನಡುವಿನ ಹೊತ್ತಿನಲ್ಲಿ ಮೊದಲ ಕೂಸನ್ನು ತಾಯಿಗೆ ಕಾಣುವಂತೆ ಹಿಡಿದುಕೊಳ್ಳುವವರು ಯಾರು? ಮೊದಲೆರಡಕ್ಕೆ ತೃಪ್ತಿಕರ ಉತ್ತರ ದೊರೆಯದಿದ್ದರೆ ಬೇರೆ ಆಸ್ಪತ್ರೆಯನ್ನು ಹುಡುಕಲು ಆಗಿನ್ನೂ ಕಾಲವಿರುತ್ತದೆ.

ಯೋಚಿಸಿದಂತೆ ನಡೆಯದೆ ಕೊನೆಗೆ ಶಸ್ತ್ರಚಿಕಿತ್ಸೆಯೇ ಆದರೆ ಅದು ತಾಯಿಯ ಸೋಲಲ್ಲ. ಎರಡು ಬಗೆಯ ಹೆರಿಗೆಯ ನೋವನ್ನು ಒಂದೇ ದಿನ ಉಂಡವಳಿಗೆ “ಇಷ್ಟು ಕಷ್ಟಪಟ್ಟದ್ದು ವ್ಯರ್ಥವಾಯಿತಲ್ಲ” ಎಂದು ಮರುಗುವ ನೆಂಟರು ಬೇಡ. ಅವಳಿಗೆ ಬೇಕಾದುದು ಬಿಸಿ ಊಟ, ಒಂದು ಕೂಸು ಮೊಲೆ ಕುಡಿಯುವಾಗ ಇನ್ನೊಂದನ್ನು ಎತ್ತಿಕೊಳ್ಳುವ ತೋಳು, ಮತ್ತು ಆ ಹದಿನೈದು ನಿಮಿಷಗಳ ಕಥೆಯನ್ನು ಅವಳು ಎಷ್ಟು ಬಾರಿ ಹೇಳಿದರೂ ಬೇಸರಿಸದೆ ಕೇಳುವ ಒಂದು ಕಿವಿ.