ಹಳೆಯ ಯಂತ್ರದ ಚಿಪ್: ಕೆಡುವ ಮುನ್ನವೇ ಪ್ರತಿ ತೆಗೆದಿಡಬೇಕು

ಪೀಣ್ಯದ ಸಣ್ಣ ಘಟಕಗಳಲ್ಲಿ 1980 ಮತ್ತು 1990ರ ದಶಕಗಳ ಸಿಎನ್‌ಸಿ ಲೇತುಗಳೂ ಪರೀಕ್ಷಾ ಯಂತ್ರಗಳೂ ಇಂದಿಗೂ ದುಡಿಯುತ್ತಿವೆ. ಇವುಗಳ ಸ್ಪಿಂಡಲ್, ಬೇರಿಂಗ್, ಬಾಲ್‌ಸ್ಕ್ರೂಗಳನ್ನು ದುರಸ್ತಿ ಮಾಡಬಲ್ಲ ಕುಶಲಕರ್ಮಿಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಯಂತ್ರವನ್ನು ನಡೆಸುವ ಆದೇಶಗಳನ್ನು ಹೊತ್ತ ಇಪಿರಾಮ್ ಚಿಪ್‌ನ ಕಡೆಗೆ ಮಾಲೀಕರ ಗಮನ ಹರಿಯುವುದು ಅಪರೂಪ. ಇದು ಕೆಲವೆಡೆ ನಿಯಂತ್ರಣ ಪೆಟ್ಟಿಗೆಯೊಳಗೆ, ಕೆಲವೆಡೆ ಹಳೆಯ ಕಂಪ್ಯೂಟರಿನ ಐಎಸ್‌ಎ ವಿಸ್ತರಣಾ ಕಾರ್ಡಿನ ಮೇಲೆ ಇರುತ್ತದೆ. 27256 ಸಂಖ್ಯೆಯ ಚಿಪ್‌ನಲ್ಲಿರುವುದು ಕೇವಲ 32 ಕಿಲೋಬೈಟ್. ಅದು ಅಳಿಸಿದರೆ ಟನ್ನುಗಟ್ಟಲೆ ತೂಕದ ಯಂತ್ರ ನಿಂತಲ್ಲೇ ನಿಲ್ಲುತ್ತದೆ.

ಇಂಟೆಲ್ ಸಂಸ್ಥೆ 1971ರಲ್ಲಿ ಹೊರತಂದ ಈ ಬಗೆಯ ಚಿಪ್ ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ. ಆ ಆವೇಶ ವರ್ಷಗಳು ಕಳೆದಂತೆ ಸೋರುತ್ತದೆ. ಶಾಖ ಅದಕ್ಕೆ ವೇಗ ಕೊಡುತ್ತದೆ. ಚಿಪ್‌ನ ಮೇಲಿನ ಗಾಜಿನ ಕಿಂಡಿ ನೇರ ಬಿಸಿಲಿಗೆ ಒಂದು ವಾರ ತೆರೆದಿದ್ದರೆ, ಟ್ಯೂಬ್‌ಲೈಟ್ ಬೆಳಕಿಗೆ ಸುಮಾರು 3 ವರ್ಷ ತೆರೆದಿದ್ದರೆ, ಮಾಹಿತಿ ಅಳಿಸಬಹುದೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸಿವೆ. ಕಾರ್ಡನ್ನು ಒರೆಸುವ ಭರದಲ್ಲಿ ಆ ಕಿಂಡಿಯ ಮೇಲಿನ ಚೀಟಿಯನ್ನು ಕಿತ್ತೆಸೆಯುವ ಕೆಲಸಗಾರನಿಗೆ ತಾನು ಮಾಡಿದ್ದೇನೆಂಬುದೇ ತಿಳಿದಿರುವುದಿಲ್ಲ.

ಚಿಪ್ ಸತ್ತ ನಂತರ ಹೊಸದನ್ನು ಎಸ್.ಪಿ. ರಸ್ತೆಯಲ್ಲಿ ಹುಡುಕಿ ತರಬಹುದು. ಅದರೊಳಗಿನ ಆದೇಶಗಳನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಆದುದರಿಂದ ಯಂತ್ರ ಸರಿಯಾಗಿ ನಡೆಯುತ್ತಿರುವಾಗಲೇ ಚಿಪ್ ಅನ್ನು ಪ್ರೋಗ್ರಾಮರ್ ಉಪಕರಣದಲ್ಲಿ ಎರಡು ಬಾರಿ ಓದಿಸಿ, ಎರಡೂ ಪ್ರತಿಗಳು ತಾಳೆಯಾಗುವವೇ ಎಂದು ನೋಡಿ ಇಡತಕ್ಕದ್ದು. ಬರೆಯುವ ಕೆಲಸಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2716ಕ್ಕೆ 25 ವೋಲ್ಟ್, 2732ಎಗೆ 21 ವೋಲ್ಟ್, ನಂತರದ ಹಲವಕ್ಕೆ ಸುಮಾರು 12.5 ವೋಲ್ಟ್ ಬೇಕಾಗುತ್ತದೆ. ತಪ್ಪಿದರೆ ಚಿಪ್ ಸುಟ್ಟುಹೋದೀತು. 27256ರ ಜಾಗದಲ್ಲಿ 27512 ಕೂರಿಸುವವರು ಮಾಹಿತಿಯನ್ನು ಅದರ ಎರಡೂ ಅರ್ಧಗಳಲ್ಲಿ ಬರೆಯಬೇಕು. ಕೆಳಗಿನ ಅರ್ಧದಲ್ಲಷ್ಟೇ ಬರೆದರೆ ಕಾರ್ಡ್ ಖಾಲಿ ಭಾಗವನ್ನು ಓದಿ ಯಂತ್ರ ಮೂಕವಾಗುತ್ತದೆ.

ಪ್ರತಿ ತೆಗೆಯುವುದು ಅಪರಾಧವಲ್ಲವೇ ಎಂಬ ಅಳುಕು ಅನೇಕರಲ್ಲಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಕಲಮು, ತಂತ್ರಾಂಶವನ್ನು ನ್ಯಾಯಬದ್ಧವಾಗಿ ಹೊಂದಿರುವವನು ನಷ್ಟ ಅಥವಾ ಹಾನಿಯ ವಿರುದ್ಧ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಲು ಅವಕಾಶ ನೀಡಿದೆ. ಪಕ್ಕದ ಶೆಡ್ಡಿನವನಿಗೆ ಅದನ್ನು ಮಾರುವುದು ಬೇರೆಯೇ ಮಾತು.

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಜಗತ್ತಿಗೇ ತಂತ್ರಾಂಶ ಬರೆಯುವ ನಗರದಲ್ಲಿ 32 ಕಿಲೋಬೈಟ್ ಉಳಿಸಿಕೊಳ್ಳಲಾರದೆ ಒಂದು ಯಂತ್ರ ಗುಜರಿ ಸೇರಬೇಕೇ? ಬಿಡಿ ಘಟಕಗಳು ತಲಾ ಒಂದು ಉಪಕರಣ ಕೊಳ್ಳುವ ಅಗತ್ಯವಿಲ್ಲ. ಉದ್ಯಮ ಸಂಘಗಳು ಒಂದು ಪ್ರೋಗ್ರಾಮರ್, ಒಂದು ಅತಿನೇರಳೆ ಅಳಿಸುಪೆಟ್ಟಿಗೆ ಹಾಗೂ ಒಬ್ಬ ಬಲ್ಲ ತಂತ್ರಜ್ಞನನ್ನು ಸಾಮಾನ್ಯ ಸೌಲಭ್ಯವಾಗಿ ಒದಗಿಸಿ, ನಿಗದಿತ ಶುಲ್ಕ ಪಡೆಯಬಹುದು. ಪ್ರತಿ ಮಾಲೀಕನ ವಶದಲ್ಲೇ ಇರಲಿ. ಯಂತ್ರದ ಮಾದರಿ, ಕಾರ್ಡಿನ ಸಂಖ್ಯೆ, ಚೀಟಿಯ ಮೇಲಿನ ಆವೃತ್ತಿ, ಚೆಕ್‌ಸಮ್ ಇಷ್ಟನ್ನು ಮಾತ್ರ ಸಂಘದ ವಹಿಯಲ್ಲಿ ನಮೂದಿಸಿದರೆ ಸಾಕು.