ಮನೆಯೇ ಶಾಲೆಯಾಗಬಹುದೇ?

ಶಾಲೆಗಳ ಬಾಗಿಲು ತೆರೆಯುವ ದಿವಸಗಳು ಸಮೀಪಿಸಿದಂತೆಲ್ಲ ಪಾಲಕರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಹಲವು. ಯಾವ ಶಾಲೆ, ಯಾವ ಮಾಧ್ಯಮ, ಎಷ್ಟು ಶುಲ್ಕ ಎಂಬವು ಹಳೆಯ ಪ್ರಶ್ನೆಗಳು. ಮಕ್ಕಳನ್ನು ಶಾಲೆಗೆ ಕಳುಹಲೇಬೇಕೇ, ಮನೆಯಲ್ಲಿಯೇ ಕಲಿಸಿದರೆ ಸಾಲದೇ ಎಂಬುದು ಇವುಗಳ ಸಾಲಿಗೆ ಈಚೆಗೆ ಸೇರಿದ ಹೊಸ ಪ್ರಶ್ನೆ. ಬೆಂಗಳೂರಿನಂಥ ನಗರಗಳಲ್ಲಿ ಕೆಲವು ಕುಟುಂಬಗಳು ಹೀಗೆ ನಡೆದುಕೊಳ್ಳುತ್ತಲೂ ಇರುವವು. ಆದರೆ ಕೃಷ್ಣೆಯ ದಂಡೆಯ ನಾರಾಯಣಪುರದ ಕಡೆಯ ವಾಚಕರೊಬ್ಬರು ಇದೇ ಪ್ರಶ್ನೆಯನ್ನು ನಮ್ಮೆದುರು ಇಟ್ಟಾಗ, ಅದನ್ನು ನಗರವಾಸಿಗಳ ಹವ್ಯಾಸವೆಂದು ತಳ್ಳಿಹಾಕಲು ನಮ್ಮಿಂದಾಗಲಿಲ್ಲ. ಅವರು ನೌಕರಿಯ ನಿಮಿತ್ತ ಅಲ್ಲಿಗೆ ಬಂದವರು, ಪತಿಪತ್ನಿಯರಿಬ್ಬರೂ ಪದವೀಧರರು, ಎರಡು-ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಭಯ ತಪ್ಪದವರು. "ನಮ್ಮ ಮಕ್ಕಳಿಗೆ ನಾವೇ ಕಲಿಸುತ್ತೇವೆ; ಇದರಲ್ಲಿ ತಪ್ಪೇನು?" ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರ ಕೊಡುವದು ನಮ್ಮ ಕರ್ತವ್ಯವಾಗಿದೆ.

ಈ ಪಾಲಕರ ಕಾರಣಗಳು ಕ್ಷುಲ್ಲಕವಲ್ಲ. ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿ ತಾಲೂಕಿಗೆ ಸೇರಿರುವ ನಾರಾಯಣಪುರದಲ್ಲಿ 1982ರಲ್ಲಿ ಬಸವಸಾಗರ ಆಣೆಕಟ್ಟು ಪೂರ್ಣಗೊಂಡಿತು. ಕಾಲುವೆಗಳು ಹರಿದವು, ಬಿಳಿಜೋಳದ ಹೊಲಗಳಲ್ಲಿ ಬತ್ತ ಬೆಳೆಯಿತು. ಆದರೆ ನೀರು ಬಂದಷ್ಟು ಬೇಗನೆ ಅಕ್ಷರವು ಬರಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 51.83, ಇಡೀ ರಾಜ್ಯದಲ್ಲಿಯೇ ಕಟ್ಟಕಡೆಯದು. ರಾಜ್ಯದ ಸರಾಸರಿಯಾದರೋ 75ನ್ನು ದಾಟಿತ್ತು. ಜಿಲ್ಲೆಯ ಸ್ತ್ರೀಯರಲ್ಲಂತೂ ಓದುಬರಹ ಬಲ್ಲವರು ನೂರಕ್ಕೆ 41ರಷ್ಟು ಮಾತ್ರ. 2012ರ ತಿದ್ದುಪಡಿ ಕಾಯಿದೆಯಿಂದ ಸಂವಿಧಾನಕ್ಕೆ 371ಜೆ ಪರಿಚ್ಛೇದವು ಸೇರಿ ಈ ಭಾಗಕ್ಕೆ ವಿಶೇಷ ಸ್ಥಾನ ದೊರೆಯಿತು. ಆದರೂ 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ನೂರಕ್ಕೆ 94ರಂತೆ ಮೊದಲಿಗೆ ನಿಂತಾಗ, ಯಾದಗಿರಿಯು 50ರ ಸುಮಾರಿನಲ್ಲಿ ಕೊನೆಗೆ ನಿಂತಿತು. ಹೀಗಿರಲು, ತನ್ನ ಮಗುವನ್ನು ಇಂಥ ಪಟ್ಟಿಯ ಕೊನೆಯ ಸಾಲಿಗೆ ಒಪ್ಪಿಸಲು ತಂದೆಯು ಹಿಂದೆಮುಂದೆ ನೋಡಿದರೆ ಅವನನ್ನು ದೂಷಿಸುವದು ನ್ಯಾಯವಾಗದು.

ಮನೆಯಲ್ಲಿ ಕಲಿಸುವದು ಈ ಸೀಮೆಗೆ ಹೊಸದೂ ಅಲ್ಲ. ಸುರಪುರದ ಇತಿಹಾಸವನ್ನು ಬಲ್ಲವರಿಗೆ ಮೆಡೋಸ್ ಟೇಲರನ ಹೆಸರು ಪರಿಚಿತವೇ. 1841ರಿಂದ 1853ರ ವರೆಗೆ ಆತನು ಸಂಸ್ಥಾನದ ಕಾರಭಾರವನ್ನು ನೋಡಿಕೊಳ್ಳುತ್ತ, ಎಳೆಯ ರಾಜ ವೆಂಕಟಪ್ಪ ನಾಯಕನ ವಿದ್ಯಾಭ್ಯಾಸದ ಹೊಣೆಯನ್ನೂ ಹೊತ್ತಿದ್ದನು. ಬಾಲರಾಜನು ಅವನನ್ನು "ಅಪ್ಪಾ" ಎಂದೇ ಕರೆಯುತ್ತಿದ್ದನು. ಅರಮನೆಯೇ ಶಾಲೆ, ಇಂಗ್ಲಿಷ್ ಬಲ್ಲ ಅಧಿಕಾರಿಯೇ ಗುರು. ಒಬ್ಬ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಏರ್ಪಾಡು ಆ ಕಾಲದಲ್ಲಿ ಆಗುವಂತಿರಲಿಲ್ಲ. ಅದೇ ಹುಡುಗನು 1858ರಲ್ಲಿ ತನ್ನ ಬೇಡರ ಪಡೆಯೊಡನೆ ಬ್ರಿಟಿಷರ ಎದುರು ನಿಂತನು. ಸೆರೆಯಾಗಿ, ಗುಂಡೇಟಿನಿಂದ ಅದೇ ವರ್ಷ ಮಡಿದನು. ಗುರುವು ಕಲಿಸಿದ ಪಾಠ ಒಂದು. ತನ್ನ ಜನರ ನಡುವೆ ಬೆಳೆದು ಅವನು ಕಲಿತ ಪಾಠ ಇನ್ನೊಂದು. ಎರಡನೆಯದೇ ಅವನ ಎದೆಗೆ ಇಳಿಯಿತೆಂದು ನಾವು ತಿಳಿಯುತ್ತೇವೆ. ಮಗುವು ಪುಸ್ತಕದಿಂದ ಕಲಿಯುವದಕ್ಕಿಂತ ತನ್ನ ಸುತ್ತಲಿನ ಜನರಿಂದ ಕಲಿಯುವದು ಹೆಚ್ಚು ಎಂಬುದನ್ನು ಗೃಹಶಿಕ್ಷಣದ ವಿಚಾರ ಮಾಡುವವರು ಮೊದಲಿಗೇ ನೆನಪಿಡತಕ್ಕದ್ದು.

1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ಕಾಲಕ್ರಮದಲ್ಲಿ ಕಚೇರಿಯ ಮಾತೂ ಸರಕಾರಿ ಶಾಲೆಯ ಮಾತೂ ಉರ್ದುವಾದವು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ ಆಯಿತು. ಅಂಥ ದಿನಗಳಲ್ಲಿ ಕನ್ನಡವು ಬದುಕಿದ್ದು ಮನೆಯ ಪಡಸಾಲೆಯಲ್ಲಿ, ಮಠದ ಜಗಲಿಯಲ್ಲಿ, ಐಗಳ ಖಾಸಗಿ ಶಾಲೆಯಲ್ಲಿ. ಅಂದು ಮನೆಯಲ್ಲಿ ಕಲಿಸುವದೆಂದರೆ ತಾಯ್ನುಡಿಯನ್ನು ಉಳಿಸಿಕೊಳ್ಳುವ ಹೋರಾಟ. ಶಾಲೆಯು ಪರರದಾಗಿತ್ತು, ಆದುದರಿಂದ ಮನೆಯು ಶಾಲೆಯಾಯಿತು. 1948ರ ಸಪ್ಟೆಂಬರದಲ್ಲಿ ಆ ಆಳಿಕೆಯು ಮುಗಿಯಿತು, 1956ರಲ್ಲಿ ಈ ನಾಡು ಕನ್ನಡ ರಾಜ್ಯದಲ್ಲಿ ಒಂದಾಯಿತು, ಶಾಲೆಯು ನಮ್ಮದಾಯಿತು. ನಮ್ಮದಾದ ಶಾಲೆಯನ್ನು ಈಗ ಓದುಬರಹ ಬಲ್ಲವರೇ ಮೊದಲು ಬಿಟ್ಟು ಹೊರಡುವದು ವಿಚಾರಣೀಯ ಸಂಗತಿಯಲ್ಲವೇ?

ಮಹನೀಯರ ಉದಾಹರಣೆಯನ್ನು ಕೊಡುವವರಿದ್ದಾರೆ. ಡಾ. ಶಿವರಾಮ ಕಾರಂತರು ತಮ್ಮ ಮಕ್ಕಳಿಗೆ ಎಳವೆಯಲ್ಲಿ ಮನೆಯಲ್ಲಿಯೇ ಕಲಿಸಿದರು, ನಿಜ. ಆದರೆ ಅವರ ಮನೆಯು ಪುತ್ತೂರಿನ ಬಾಲವನ. ತಂದೆಯು ಮಕ್ಕಳಿಗಾಗಿ 'ಬಾಲ ಪ್ರಪಂಚ'ದಂಥ ವಿಶ್ವಕೋಶವನ್ನೇ ಬರೆದ ಮನುಷ್ಯ. ಮಹಾತ್ಮಾ ಗಾಂಧಿಯವರೂ ದಕ್ಷಿಣ ಆಫ್ರಿಕದಲ್ಲಿ ತಮ್ಮ ಮಕ್ಕಳಿಗೆ ತಾವೇ ಕಲಿಸಹೊರಟರು. ಸಾರ್ವಜನಿಕ ಕಾರ್ಯಗಳ ನಡುವೆ ಮಕ್ಕಳ ಓದಿಗೆ ಸಾಕಷ್ಟು ಹೊತ್ತು ಕೊಡಲು ತಮ್ಮಿಂದ ಆಗಲಿಲ್ಲವೆಂದೂ, ಈ ಬಗ್ಗೆ ಮಕ್ಕಳಲ್ಲಿ ಕೊರಗು ಉಳಿಯಿತೆಂದೂ ಅವರೇ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ; ತಮ್ಮ ನಿರ್ಧಾರಕ್ಕಾಗಿ ಪಶ್ಚಾತ್ತಾಪವಿಲ್ಲವೆಂದೂ ಹೇಳಿದ್ದಾರೆ. ಗಾಂಧಿಯವರಿಗೇ ಸಾಲದೆ ಹೋದ ಹೊತ್ತು, ಬೆಳಗಿನ ಹತ್ತಕ್ಕೆ ಕಚೇರಿಗೆ ಹೋಗಿ ಸಂಜೆ ದಣಿದು ಬರುವ ನೌಕರನಿಗೆ ಹೇಗೆ ಸಿಕ್ಕೀತು? ಹೆಚ್ಚಿನ ಮನೆಗಳಲ್ಲಿ ಈ ಹೊರೆಯು ಕೊನೆಗೆ ತಾಯಿಯ ಹೆಗಲ ಮೇಲೆಯೇ ಬೀಳುವದು. ಆಕೆಯ ಒಪ್ಪಿಗೆಯನ್ನು ಕೇಳಿದವರೆಷ್ಟು ಮಂದಿ?

ಇನ್ನು ಕಾಯಿದೆಯ ಮಾತು. 1911ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದಾಗ ಅಂದಿನ ಪರಕೀಯ ಸರಕಾರವು ಅದಕ್ಕೆ ಸಮ್ಮತಿಸಲಿಲ್ಲ. ಮರುವರ್ಷ ಅದು ಬಿದ್ದುಹೋಯಿತು. ಮೈಸೂರು ಸಂಸ್ಥಾನವು 1913ರಲ್ಲಿ ತನ್ನದೇ ಕಾನೂನನ್ನು ಮಾಡಿ ಆ ದಾರಿಯಲ್ಲಿ ಹೆಜ್ಜೆಯಿಟ್ಟಿತು. ಇಡೀ ದೇಶದಲ್ಲಿ ಈ ಹಕ್ಕು ಜಾರಿಗೆ ಬರಲು 2010ರ ಏಪ್ರಿಲ್ 1ರ ವರೆಗೆ ಕಾಯಬೇಕಾಯಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಅದರ 10ನೆಯ ಕಲಮಿನ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವದು ಪಾಲಕನ ಕರ್ತವ್ಯ. ಹಾಗೆ ಸೇರಿಸದವನಿಗೆ ಇಂಥದೇ ದಂಡವೆಂದು ಆ ಕಾಯಿದೆಯಲ್ಲಿ ಬರೆದಿಲ್ಲ. ಗೃಹಶಿಕ್ಷಣವೆಂಬ ಹೆಸರೂ ಅದರಲ್ಲಿ ಇಲ್ಲ. ಇಂಗ್ಲಂಡದ 1944ರ ಕಾಯಿದೆಯು ಶಾಲೆಯಲ್ಲಿಯಾಗಲಿ ಅನ್ಯ ರೀತಿಯಿಂದಾಗಲಿ ಮಗುವಿಗೆ ಶಿಕ್ಷಣ ಕೊಡಿಸಬೇಕೆಂದು ಹೇಳಿ ಮನೆಗೂ ಎಡೆಯಿತ್ತಿತು. ಜರ್ಮನಿಯಾದರೋ ಶಾಲೆಯ ಹಾಜರಿಯನ್ನೇ ಬಿಗಿಯಾಗಿ ಹಿಡಿದಿದೆ. ನಮ್ಮ ಕಾಯಿದೆಯು ಈ ಎರಡರ ನಡುವೆ ಮೌನವಾಗಿರುವದು. ಆದುದರಿಂದ ಮನೆಯಲ್ಲಿ ಕಲಿಸುವವನು ದಂಡಕ್ಕೆ ಗುರಿಯಾಗನು. ಆದರೆ ಕರ್ತವ್ಯದಿಂದ ಮುಕ್ತನೂ ಆಗನು.

ಇಂಥ ಪಾಲಕನಿಗೆ ದಾರಿಗಳಿಲ್ಲವೆಂದೂ ಅಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ, 14 ವರ್ಷ ತುಂಬಿದ ಬಳಿಕ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಹಚ್ಚಬಹುದು. ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳಾಗಿ ಕುಳಿತುಕೊಳ್ಳುವ ಅವಕಾಶವೂ ಉಂಟು. ಮನೆಯ ಪ್ರಯೋಗವು ಸಾಗದೆ ಹೋದರೆ, ಕಾಯಿದೆಯ 4ನೆಯ ಕಲಮಿನಂತೆ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಶಾಲೆಯು ಸೇರಿಸಿಕೊಂಡು, ಹಿಂದುಳಿದ ಭಾಗಕ್ಕೆ ವಿಶೇಷ ತರಬೇತಿಯನ್ನು ಕೊಡತಕ್ಕದ್ದು. ಬಲ್ಲವರಿಗೆ ಈ ಬಾಗಿಲುಗಳು ತೆರೆದಿರುವವು. ಆದರೆ ಇವುಗಳನ್ನು ಹುಡುಕಿಕೊಂಡು ಹೋಗಬಲ್ಲವರು ಯಾರು? ಅರ್ಜಿಯನ್ನು ತಾವೇ ಬರೆಯಬಲ್ಲವರು, ಕಚೇರಿಯ ರೀತಿನೀತಿಗಳನ್ನು ಬಲ್ಲವರು ಮಾತ್ರ.

ಇಡೀ ನಾಡೇ ಒಮ್ಮೆ ಗೃಹಶಿಕ್ಷಣದ ಪರೀಕ್ಷೆಗೆ ಒಳಗಾದುದನ್ನು ನಾವು ಮರೆಯಬಾರದು. 2020ರ ಮಾರ್ಚದಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದವು; ಒಂದರಿಂದ ಐದನೆಯ ವರೆಗಿನ ತರಗತಿಗಳು ಮರಳಿ ಆರಂಭವಾದದ್ದು 2021ರ ಅಕ್ಟೋಬರದ ಕೊನೆಯಲ್ಲಿ. ಒಂದೂವರೆ ವರ್ಷದ ವರೆಗೆ ಪ್ರತಿಯೊಂದು ಮನೆಯೂ ಶಾಲೆಯಾಗಬೇಕಾಗಿತ್ತು. ಫೋನು, ಪುಸ್ತಕ, ಓದಿದ ತಾಯಿತಂದೆಗಳು ಇದ್ದ ಮನೆಯ ಮಗು ಹೇಗೋ ಮುಂದೆ ಸಾಗಿತು. ಇವುಗಳಿಲ್ಲದ ಮನೆಯ ಮಗು ದನಗಳ ಹಿಂದೆ, ಹತ್ತಿಯ ಹೊಲಕ್ಕೆ, ಇಲ್ಲವೆ ಗುಳೆ ಹೊರಟ ತಾಯಿತಂದೆಗಳೊಡನೆ ದೂರದ ಊರಿಗೆ ಹೋಯಿತು. 2020ರಲ್ಲಿ 'ವಿದ್ಯಾಗಮ'ವೆಂಬ ಹೆಸರಿನಿಂದ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದ್ದು ಆ ಕತ್ತಲೆಯಲ್ಲಿ ಕಂಡ ಸಣ್ಣ ಬೆಳಕು. ಅದೂ ಕೆಲವೇ ತಿಂಗಳಲ್ಲಿ ನಿಂತಿತು. ಕಳೆದುಹೋದ ಕಲಿಕೆಯನ್ನು ತುಂಬಲು 2022ರಲ್ಲಿ 'ಕಲಿಕಾ ಚೇತರಿಕೆ'ಯೆಂಬ ಕಾರ್ಯಕ್ರಮವನ್ನೇ ಸರಕಾರವು ಹೂಡಬೇಕಾಯಿತು. ಮನೆಗಳು ಸಮಾನವಾಗಿಲ್ಲ, ಮನೆಗಳ ಅಸಮಾನತೆಯನ್ನು ಸ್ವಲ್ಪವಾದರೂ ತಗ್ಗಿಸುವ ಸ್ಥಳವೆಂದರೆ ಶಾಲೆಯೊಂದೇ. ಈ ಪರೀಕ್ಷೆಯಿಂದ ನಾವು ಕಲಿತದ್ದು ಇಷ್ಟು.

ಈಗ ನಮ್ಮ ಮುಖ್ಯ ಆತಂಕವನ್ನು ಹೇಳುತ್ತೇವೆ. "ಮನೆಯಲ್ಲಿಯೇ ಕಲಿಸುತ್ತೇವೆ" ಎಂಬ ವಾಕ್ಯವು ಒಂದೇ ಆದರೂ ಅದನ್ನು ಆಡುವ ಬಾಯಿಗೆ ತಕ್ಕಂತೆ ಅದರ ಅರ್ಥವು ಬದಲಾಗುವದು. ಅಧಿಕಾರಿಯ ಮನೆಯಲ್ಲಿ ಅದರ ಅರ್ಥ ಪುಸ್ತಕ, ನಕಾಶೆ, ಗಣಿತ. ತಾಂಡಾದಲ್ಲಿಯೂ ಕಾಲುವೆಯ ಕೊನೆಯ ಹಳ್ಳಿಯಲ್ಲಿಯೂ ಹನ್ನೆರಡು ವರ್ಷದ ಹುಡುಗಿಯ ವಿಷಯದಲ್ಲಿ ಅದೇ ಮಾತಿನ ಅರ್ಥ ಕಸ, ಮುಸುರೆ, ತಮ್ಮನ ಆರೈಕೆ, ಬಳಿಕ ಅವಸರದ ಮದುವೆ. ಬಾಲ್ಯವಿವಾಹವನ್ನು ನಿಷೇಧಿಸುವ 2006ರ ಕಾಯಿದೆಯಿದೆ. 2016ರಲ್ಲಿ ನಮ್ಮ ರಾಜ್ಯವು ಅದಕ್ಕೆ ತಿದ್ದುಪಡಿಯನ್ನು ತಂದು ಅಂಥ ವಿವಾಹವು ಮೂಲತಃ ಅಸಿಂಧುವೆಂದು ಸಾರಿತು. ಆದರೆ ಹಳ್ಳಿಯಲ್ಲಿ ಈ ಕಾಯಿದೆಯ ನಿಜವಾದ ಕಾವಲುಗಾರನು ಶಾಲೆಯ ಹಾಜರಿಯ ಪುಸ್ತಕ. ಹುಡುಗಿಯು ಎರಡು ವಾರ ಬಾರದಿದ್ದರೆ "ಯಾಕೆ ಬಂದಿಲ್ಲ?" ಎಂದು ಕೇಳಿಕೊಂಡು ಬರುವ ಶಿಕ್ಷಕನೇ ಆಕೆಯ ಮೊದಲ ರಕ್ಷಕ. ಹಾಜರಿಯು ಅನಾವಶ್ಯಕವೆಂಬ ಮಾತನ್ನು ಊರಿನ ಗಣ್ಯರು ಒಮ್ಮೆ ರೂಢಿಗೆ ತಂದರೆ, ನಾಳೆ ಆ ಶಿಕ್ಷಕನು ಬಾಗಿಲಿಗೆ ಬಂದಾಗ "ಸಾಹೇಬರ ಮನೆಯವರಿಗಿಲ್ಲದ ಕಟ್ಟಳೆ ನಮಗೇಕೆ?" ಎಂಬ ಉತ್ತರವು ಸಿದ್ಧವಾಗಿರುವದು. ಅದಕ್ಕೆ ಅವನು ಏನು ಹೇಳಿಯಾನು?

ಇನ್ನೊಂದು ಹಾನಿಯೂ ಉಂಟು. ಓದಿದ ಮನೆಯ ಮಗು ಶಾಲೆಯಲ್ಲಿದ್ದರೆ, ಶಿಕ್ಷಕನ ಹುದ್ದೆ ಖಾಲಿ ಬಿದ್ದಾಗ ಮೇಲಿನ ಕಚೇರಿಗೆ ಅರ್ಜಿ ಹೋಗುವದು. ಛಾವಣಿ ಸೋರಿದರೆ ಯಾರಾದರೂ ವಿಚಾರಿಸುವರು. ಬಿಸಿಯೂಟದ ಬೇಳೆ ನೀರಾದರೆ ಕೇಳುವ ಬಾಯಿಯಿರುವದು. ಅದೇ ಬಿಸಿಯೂಟದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಬಂದದ್ದು ನಮ್ಮ ಈ ಹಿಂದುಳಿದ ಜಿಲ್ಲೆಗಳಿಗೇ ಎಂಬುದನ್ನು ವಾಚಕರು ಬಲ್ಲರು. ಸರಕಾರಿ ಶಾಲೆಗಳ ಮೇಲುಸ್ತುವಾರಿ ಸಮಿತಿಗಳಲ್ಲಿ ಪಾಲಕರದೇ ಬಹುಮತ. ಕಾಯಿದೆಯು ಅವರಿಗೆ ನಾಲ್ಕರಲ್ಲಿ ಮೂರು ಪಾಲು ಸ್ಥಾನವನ್ನು ಕೊಟ್ಟಿದೆ. ಇಂಥ ಅಧಿಕಾರವು ಕೈಯಲ್ಲಿರುವಾಗ ಬಲ್ಲವರು ಸಭೆಯಿಂದ ಎದ್ದು ಹೋದರೆ, ಉಳಿದವರ ಹೆಬ್ಬೆಟ್ಟಿನ ಮೇಲೆ ಯಾರೋ ಠರಾವು ಬರೆದುಕೊಳ್ಳುವರು.

ಆದುದರಿಂದ ನಮ್ಮ ವಾಚಕರಿಗೆ ನಮ್ಮ ಸಲಹೆಯಿದು. ಮಗುವಿಗೆ ದೇಹದ ತೊಂದರೆಯಿದ್ದರೆ, ನಡುವರ್ಷದಲ್ಲಿ ವರ್ಗವಾಗಿದ್ದರೆ, ಸಮೀಪದಲ್ಲಿ ಶಾಲೆಯೇ ಇಲ್ಲದಿದ್ದರೆ, ಮನೆಯಲ್ಲಿ ಕಲಿಸುವದನ್ನು ನಾವು ಆಕ್ಷೇಪಿಸೆವು. ಆದರೆ ಕಲಿಸುವವರು ಯಾರು, ದಿನಕ್ಕೆ ಎಷ್ಟು ತಾಸು, ಯಾವ ಪರೀಕ್ಷೆಗೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು; ಆಡಲು ಜತೆಗಾರರು ಯಾರೆಂಬುದನ್ನೂ ಬರೆಯಬೇಕು. ಬರೆಯಲು ಬಾರದಿದ್ದರೆ ಕಲಿಸಲೂ ಬಾರದೆಂದೇ ತಿಳಿಯಬೇಕು. ಇಂಥ ನಿರ್ವಾಹವಿಲ್ಲದ ಕಾರಣವಿಲ್ಲದಿದ್ದರೆ, ಮಗುವು ಹಗಲು ಊರಿನ ಶಾಲೆಗೆ ಹೋಗಲಿ; ಸಂಜೆ ನೀವು ಕಲಿಸಲು ಮುಡಿಪಿಟ್ಟ ಆ ಎರಡು ತಾಸು ಮನೆಯ ಪಡಸಾಲೆಯಲ್ಲಿ ನಡೆಯಲಿ; ಆ ಚಾಪೆಯ ಮೇಲೆ ನೆರೆಮನೆಯ ಇಬ್ಬರು ಮಕ್ಕಳಿಗೂ ಜಾಗವಿರಲಿ. ಶಾಲೆಯ ಸಮಿತಿಯ ಸಭೆಗೆ ನೀವೇ ಹೋಗಿ ಕುಳಿತುಕೊಳ್ಳಿರಿ.

ಸರಕಾರಕ್ಕೂ ಒಂದು ಮಾತು. ಪಾಲಕರಿಗೆ ಕರ್ತವ್ಯವನ್ನು ವಿಧಿಸಿದ ಕಾಯಿದೆಯೇ, ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕನಂತೆ ಒದಗಿಸುವ ಕರ್ತವ್ಯವನ್ನು ಸರಕಾರಕ್ಕೆ ವಿಧಿಸಿದೆ. ಒಬ್ಬನೇ ಶಿಕ್ಷಕನು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡಿರುವ ತನಕ, ಮಗುವನ್ನು ಶಾಲೆಗೆ ಕಳುಹಿರೆಂದು ಪಾಲಕರಿಗೆ ಬುದ್ಧಿ ಹೇಳುವ ಅಧಿಕಾರವು ಸರಕಾರಕ್ಕಿರಲಿ, ನಮಗೂ ಪೂರ್ಣವಾಗಿ ಬಾರದು. ವಿಶೇಷ ಸ್ಥಾನದ ಹಣದಿಂದ ಗೋಡೆಗಳು ಏಳುವದು ಒಳ್ಳೆಯದೇ. ಗೋಡೆಗಳ ನಡುವೆ ನಿಂತು ಪಾಠ ಹೇಳುವವರು ಮೊದಲು ಬರಲಿ.

ಬಸವಸಾಗರದ ನೀರು ಕಾಲುವೆಯ ಮೊದಲಿನ ಹೊಲಗಳಲ್ಲಿಯೇ ನಿಂತುಬಿಟ್ಟರೆ ಕೊನೆಯ ಹೊಲವು ಒಣಗುವದೆಂಬುದನ್ನು ನಾರಾಯಣಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿದ್ಯೆಯ ವಿಷಯದಲ್ಲಿಯೂ ಅವರು ಅದನ್ನೇ ನೆನೆಯಲೆಂದು ನಮ್ಮ ಬಿನ್ನಹ.