ನಕ್ಷೆಗೆ ಬಣ್ಣ ಬೀಳುವ ಮುನ್ನ: ಮೂರು ತಾಲ್ಲೂಕುಗಳ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ, ಮಂಡ್ಯ.

ಇವರಿಂದ,
ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ನಿವಾಸಿಗಳು.

ವಿಷಯ: ಮಹಾಯೋಜನೆ ಹಾಗೂ ಭೂ ಪರಿವರ್ತನೆ ಪ್ರಕ್ರಿಯೆಯಲ್ಲಿ ಸಾಂಸ್ಕೃತಿಕ ನೆಲೆಗಳು, ಕಾಡಂಚಿನ ಬುಡಕಟ್ಟು ಸಮುದಾಯಗಳ ಹಕ್ಕು ಮತ್ತು ನಿಸರ್ಗ ತಾಣಗಳ ರಕ್ಷಣೆ ಕುರಿತು.

ಮಾನ್ಯರೇ,

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ನಮ್ಮ ಗೆಜ್ಜಲಗೆರೆಯಲ್ಲೇ ಲೋಕಾರ್ಪಣೆಯಾಯಿತು. ಅದಕ್ಕೂ ಮೊದಲು, 2020ರಲ್ಲಿ, ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿಯಾಗಿತ್ತು. ರಸ್ತೆಯೂ ಬಂತು, ಕೊಳ್ಳುವವರೂ ಬಂದರು. ನಾವು ರಸ್ತೆಗೆ ವಿರೋಧಿಗಳಲ್ಲ. ಮಕ್ಕಳ ಮದುವೆಗೋ ಓದಿಗೋ ಎಕರೆ ಮಾರುವ ರೈತನನ್ನು ದೂರುವವರೂ ಅಲ್ಲ. ನಮ್ಮ ತಕರಾರು ಒಂದೇ. ಮಹಾಯೋಜನೆಯ ನಕ್ಷೆಯಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಕೃಷಿಗೆ ಹಸಿರು ಬಣ್ಣ ಬೀಳುತ್ತದೆ. ಗುಂಡುತೋಪು, ದೇವರ ಬನ, ಜಾತ್ರೆ ಮಾಳ, ಹಕ್ಕಿ ಕೂರುವ ಮರಗಳು ಆ ನಕ್ಷೆಯಲ್ಲಿ ಕಾಣುವುದಿಲ್ಲ. ನಕ್ಷೆಯಲ್ಲಿ ಇಲ್ಲದ್ದು ಕಡತದಲ್ಲೂ ಇರುವುದಿಲ್ಲ, ಪರಿವರ್ತನೆ ಆದೇಶಕ್ಕೆ ಸಹಿ ಬೀಳುವಾಗ ಅದರ ಪರ ಮಾತಾಡುವವರೂ ಇರುವುದಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಮೊದಲು ಪ್ರಸ್ತಾಪಿಸುತ್ತೇವೆ. ಇಲ್ಲಿಗೆ ಬರುವ ಹೆಜ್ಜಾರ್ಲೆಗಳ ವಿಚಾರವನ್ನು ಪಕ್ಷಿತಜ್ಞ ಜರ್ಡನ್ 1853ರಷ್ಟು ಹಿಂದೆಯೇ ದಾಖಲಿಸಿದ್ದ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಸರ್ಕಾರಿ ಕಾಡಿನಲ್ಲಲ್ಲ, ಊರಿನೊಳಗೆ, ಜನರ ಹಿತ್ತಲಿನ ಹುಣಸೆ, ಅರಳಿ, ಆಲದ ಮರಗಳ ಮೇಲೆ. ಮಗಳು ಬಾಣಂತನಕ್ಕೆ ತವರಿಗೆ ಬಂದಳೆಂಬ ಭಾವನೆಯಲ್ಲಿ ಊರವರು ಅವನ್ನು ಸಾಕಿದ್ದಾರೆ. ಹಕ್ಕಿ ಕೂತ ಮರದ ಹುಣಸೆ ಫಸಲು ಕೈಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಸಿ ಕಲಂ ಪ್ರಕಾರ, ಮೀಸಲಿನೊಳಗೆ ಭೂಬಳಕೆ ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯವೂ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಹಕ್ಕಿಗೆ ಮೀಸಲಿನ ಗಡಿ ಗೊತ್ತಿಲ್ಲ. ಅದು ಮರಿಗೆ ಮೀನು ತರುವುದು ಶಿಂಷಾ ಹೊಳೆಯಿಂದ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆಗಳಿಂದ. ಆ ಕೆರೆಗಳ ಅಂಗಳಕ್ಕೆ ಲೇಔಟ್ ಬಂದರೆ, ಹೊಳೆಗೆ ಕೊಳಚೆ ನೀರು ಬಿದ್ದರೆ, ಬೆಳ್ಳೂರಿನ ಮರಗಳನ್ನು ಎಷ್ಟು ಕಾದರೂ ಪ್ರಯೋಜನವಿಲ್ಲ. 2017–18ರ ಹಂಗಾಮಿನಲ್ಲಿ ಹೊಟ್ಟೆಯಲ್ಲಿ ಜಂತುಹುಳ ತುಂಬಿ ಹತ್ತಾರು ಹೆಜ್ಜಾರ್ಲೆಗಳು ಇಲ್ಲಿ ಸತ್ತಾಗ ಎಲ್ಲರ ಕಣ್ಣು ಹೋದದ್ದು ನೀರು ಮತ್ತು ಮೀನಿನ ಕಡೆಗೇ. ಆದ್ದರಿಂದ ಗೂಡಿನ ಮರಗಳ ಜತೆಗೆ ಈ ಕೆರೆಗಳನ್ನೂ ಅವುಗಳ ಕಾಲುವೆಗಳನ್ನೂ ಶಿಂಷಾ ದಂಡೆಯನ್ನೂ ಒಂದೇ ರಕ್ಷಿತ ವಲಯವೆಂದು ಗುರುತಿಸಬೇಕು.

ಅದೇ ಶಿಂಷೆಯ ದಡದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿ, ನಿಷೇಧಾಜ್ಞೆ ಮುರಿದು ಧ್ವಜ ಹಾರಿತು. ಟಿ. ಸಿದ್ದಲಿಂಗಯ್ಯನವರು ಮುಂದಾಳಾಗಿದ್ದ ಆ ಸತ್ಯಾಗ್ರಹಕ್ಕೆ ಸೌಧ ಕಟ್ಟಿದ್ದೇವೆ. ಸೌಧದ ಸುತ್ತಲಿನ ಬಯಲು ಉಳಿಯದಿದ್ದರೆ ಅದು ಹೆದ್ದಾರಿ ಪಕ್ಕದ ಇನ್ನೊಂದು ಕಟ್ಟಡ, ಅಷ್ಟೆ.

ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಈ ಅಳತೆ ಪಂಚಾಯಿತಿಯ ಕಟ್ಟಡ ಪರವಾನಗಿ ಕಡತದಲ್ಲೂ ಕಾಣಬೇಕು. ಮದ್ದೂರಿನ ಅರೆತಿಪ್ಪೂರಿನಲ್ಲಿ ಗಂಗರ ಕಾಲದ ಜೈನ ನೆಲೆಯೂ ಬಾಹುಬಲಿ ಮೂರ್ತಿಯೂ ಇರುವುದು ಬಂಡೆಗಲ್ಲಿನ ಬೆಟ್ಟಗಳ ಮೇಲೆ. ನಮ್ಮಲ್ಲಿ ಬಂಡೆ ಕಂಡರೆ ಕ್ವಾರಿ ನೆನಪಾಗುವುದೇ ಹೆಚ್ಚು. ಪಾಂಡವಪುರದ ಬೇಬಿ ಬೆಟ್ಟದ ಗಣಿ ತಕರಾರು ಬೆಳೆದು, ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ 2024ರಲ್ಲಿ ಹೈಕೋರ್ಟೇ ತಡೆ ಹಾಕಬೇಕಾಯಿತು. ಅರೆತಿಪ್ಪೂರಿಗೂ ಕೋರ್ಟಿನ ದಾರಿ ಹಿಡಿಸಬೇಡಿ. ಬೆಟ್ಟಗಳ ಬುಡದಿಂದಲೇ ಗಣಿಮುಕ್ತ ಗಡಿ ಗುರುತಿಸಿ.

ಇನ್ನು ಮಳವಳ್ಳಿ. ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆ. ಆ ಪರಂಪರೆಯ ಗಾಯಕರಾದ ನೀಲಗಾರರ ಹಾಡು ಪುಸ್ತಕಕ್ಕೆ ಬಂದಿದೆ, ವಿಶ್ವವಿದ್ಯಾಲಯಕ್ಕೂ ಹೋಗಿದೆ. ಒಕ್ಕಲು ಜನ ಬಂಡಿ ಕಟ್ಟಿ ಬಂದು ಬೀಡುಬಿಡುವ ಬಯಲಿಗೆ ಮಾತ್ರ ಪಹಣಿಯಲ್ಲಿ ಗೋಮಾಳ, ಖರಾಬು ಎಂಬ ಹೆಸರೇ ಗತಿ. ಖರಾಬು ಎಂದು ಬರೆದದ್ದನ್ನು ಯಾರಿಗಾದರೂ ಮಂಜೂರು ಮಾಡುವುದು ಸುಲಭ. ಗಗನಚುಕ್ಕಿ ನಮ್ಮ ತಾಲ್ಲೂಕಿನದು, ಭರಚುಕ್ಕಿ ಚಾಮರಾಜನಗರ ಜಿಲ್ಲೆಯದು, ಹೊಳೆ ಒಂದೇ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರದ ಕಣಿವೆಗೆ ಎರಡು ಜಿಲ್ಲೆಗಳು ಸೇರಿ ಒಂದು ನೋಟ-ರಕ್ಷಣಾ ವಲಯ ಮಾಡಲಿ; ಜಲಪಾತ ಕಾಣುವ ಅಂಚಿನಲ್ಲಿ ರೆಸಾರ್ಟ್‌ಗೆ, ಎತ್ತರದ ಕಟ್ಟಡಕ್ಕೆ ಪರವಾನಗಿ ಬೇಡ.

ಮುತ್ತತ್ತಿ, ಭೀಮೇಶ್ವರಿ ಭಾಗ ಕಾವೇರಿ ವನ್ಯಧಾಮಕ್ಕೆ ಸೇರಿದ್ದು. ಈ ಕಾಡು ಸೋಲಿಗ, ಇರುಳಿಗ ಸಮುದಾಯಗಳ ನೆಲೆ. ಪ್ರವಾಸಿಗರಿಗೆ ಕಾಟೇಜು ಕಟ್ಟುವಾಗ ನೆನಪಾಗುವ ಕಾಡು, ಜೇನು ಕೀಳುವವನ ಹಕ್ಕಿನ ಅರ್ಜಿ ಬಂದಾಗ ಮರೆತುಹೋಗಬಾರದು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕು ನಿರ್ಣಯ ಗ್ರಾಮಸಭೆಯಿಂದ ಶುರುವಾಗಬೇಕು. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿದೆ. ಅದೇ ಮಾದರಿ ಇಲ್ಲಿಗೂ ಬರಲಿ. ಬಾಕಿ ಅರ್ಜಿಗಳು ಇತ್ಯರ್ಥವಾಗುವವರೆಗೆ ಕಾಡಂಚಿನ ಜಮೀನಿನ ಪರಿವರ್ತನೆಗೆ ಒಪ್ಪಿಗೆ ಕೊಡಬಾರದು.

ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣಗಳನ್ನು ಘೋಷಿಸಲು ಅವಕಾಶವಿದೆ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದೂ ಇದೆ. ಆದರೆ ಯೋಜನಾ ಪ್ರದೇಶದ ಗೆರೆ ಪಟ್ಟಣದ ಆಸುಪಾಸಿಗೇ ನಿಲ್ಲುತ್ತದೆ. ಆಚೆಯ ಹಳ್ಳಿಗೆ ಉಳಿಯುವುದು ಭೂ ಕಂದಾಯ ಕಾಯ್ದೆಯ 95ನೇ ಕಲಂ, ಅಂದರೆ ತಮ್ಮ ಸಹಿ. ಈ ಮನವಿ ತಮ್ಮ ಬಳಿಗೇ ಬಂದಿರುವ ಕಾರಣವೂ ಅದೇ.

ಹಾಗಾಗಿ ನಾವು ಕೇಳುವುದಿಷ್ಟು. ಮೂರೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮಸಭೆ ಕರೆದು, ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಕೂರಿಸಿ, ಇಂಥ ನೆಲೆಗಳ ಪಟ್ಟಿಯನ್ನು ಸರ್ವೆ ನಂಬರು ಸಮೇತ ಮಾಡಿಸಿ. ಪಟ್ಟಿಯಲ್ಲಿ ಬಂದದ್ದನ್ನು ಪಹಣಿಯ ಷರಾ ಕಲಂನಲ್ಲಿ ಬರೆಸಿ. ಅಂಥ ಸರ್ವೆ ನಂಬರಿನ ಅಥವಾ ಅದಕ್ಕೆ ಅಂಟಿದ ಜಮೀನಿನ ಪರಿವರ್ತನೆ ಅರ್ಜಿ ಬಂದರೆ ಗ್ರಾಮಸಭೆಯ ಅಭಿಪ್ರಾಯ ಪಡೆಯದೆ ಆದೇಶ ಹೊರಡಿಸಬೇಡಿ. ಕರಡು ನಕ್ಷೆಯನ್ನು ಕನ್ನಡದಲ್ಲಿ, ಓದಲು ಬರುವ ಅಳತೆಯಲ್ಲಿ, ಪಂಚಾಯಿತಿ ಕಚೇರಿಯ ಗೋಡೆಗೆ ಹಾಕಿಸಿ. ರಾಜ್ಯಪತ್ರದಲ್ಲಿ ಬಂದ ಪ್ರಕಟಣೆಯನ್ನು ಹಳ್ಳಿಯಲ್ಲಿ ಓದುವವರಿಲ್ಲ. ತನ್ನ ಹಿತ್ತಲಿನ ಮರವನ್ನೋ ತೋಪಿನ ಪಕ್ಕದ ಹೊಲವನ್ನೋ ಹಾಗೆಯೇ ಉಳಿಸುವ ರೈತನಿಗೆ ನಷ್ಟ ಆಗದಂತೆ ಪರಿಹಾರ ಕೊಡಿ. ಬೆಳ್ಳೂರಿನಲ್ಲಿ ಅದರ ಪದ್ಧತಿ ಈಗಾಗಲೇ ಇದೆ. ಮೊತ್ತವನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಬೇಕು.

ಅರಣ್ಯ, ಕಂದಾಯ, ಪುರಾತತ್ವ, ಗಣಿ ಇಲಾಖೆಗಳ ಅಧಿಕಾರಿಗಳನ್ನೂ ಮೂರೂ ತಾಲ್ಲೂಕುಗಳ ಯೋಜನಾ ಪ್ರಾಧಿಕಾರಗಳನ್ನೂ ನಮ್ಮ ಪ್ರತಿನಿಧಿಗಳನ್ನೂ ಸೇರಿಸಿ ಒಂದು ಸಭೆ ಕರೆಯಬೇಕು. ಪಟ್ಟಿ ಸಿದ್ಧವಾಗುವವರೆಗೆ ಮೇಲೆ ಹೆಸರಿಸಿದ ನೆಲೆಗಳ ಸುತ್ತಲಿನ ಪರಿವರ್ತನೆ ಅರ್ಜಿಗಳನ್ನು ತಡೆಹಿಡಿದು ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಿವಾಸಿಗಳು